ಮಕ್ಕಳ ಸಹಾಯಾರ್ಥ ನಡಿಗೆ: ಸೊಳ್ಳೆ ಪರದೆಯನ್ನೇ ಕಳಿಸಬೇಕೇ, ಹಣ ಕಳಿಸಬೇಕೇ?

ಪ್ರಶ್ನೆ: ಶಾಲ್ಮಲಾ (ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಧ್ಯಭಾಗದ ಒಂದು ಊರಿನಲ್ಲಿ ನಾವು ಕೆಲವರು ಸೇರಿ ಭಾನುವಾರದ ಕನ್ನಡ ತರಗತಿಯನ್ನು ನಡೆಸುತ್ತಿದ್ದೇವೆ. ತರಗತಿಯ ದೊಡ್ಡ ಮಕ್ಕಳು ಶಾಲೆಯಲ್ಲಿ ಮಲೇರಿಯಾದ ಪಾಠ ಕೇಳಿ ಬಂದಂದಿನಿಂದ ಆಫ್ರಿಕಾದ ಪುಟ್ಟ ಮಕ್ಕಳಿಗೆ ಸೊಳ್ಳೆ ಪರದೆ ಕೊಡಿಸಲೇಬೇಕೆಂದು ಹಟ ಹಿಡಿದಿದ್ದಾರೆ. ಊರಿನ ಕಾಲುವೆಯ ದಂಡೆಯುದ್ದಕ್ಕೂ ನಡೆಯುವುದು, ಮೈಲಿಗೆ ಇಷ್ಟೆಂದು ನೆಂಟರಿಷ್ಟರಿಂದ ಹಣ ಬರೆಸಿಕೊಳ್ಳುವುದು ಅವರ ಯೋಜನೆ.

ವಿಷಯ ಕನ್ನಡ ಕೂಟದ ಸಮಿತಿಯ ಮುಂದೆ ಹೋದಾಗ ತಲೆಗೊಂದು ಮಾತು ಬಂದಿತು. ಹಣ ಕೊಟ್ಟರೆ ನಡುವೆಯೇ ಸೋರಿಹೋಗುತ್ತದೆ, ಇಲ್ಲಿಯೇ ಪರದೆಗಳನ್ನು ಕೊಂಡು ಪೆಟ್ಟಿಗೆ ಕಟ್ಟಿ ಅಲ್ಲಿಯ ಒಂದು ಅನಾಥಾಲಯಕ್ಕೆ ಕಳಿಸಿದರೆ ಮಕ್ಕಳಿಗೂ ಕಣ್ಣಾರೆ ಕಂಡ ತೃಪ್ತಿಯಿರುತ್ತದೆ ಎಂದು ಖಜಾಂಚಿಗಳು ಹೇಳಿದರು. ಅಲ್ಲಿಯ ಜನ ಆ ಪರದೆಗಳಿಂದ ಮೀನು ಹಿಡಿಯುತ್ತಾರಂತೆ ಎಂದು ಇನ್ನೊಬ್ಬರು ರಾಗ ಎಳೆದರು. ಲಸಿಕೆಯೇ ಬಂದಿರುವಾಗ ಪರದೆಯ ಹಂಗೇಕೆ ಎಂಬುದು ಮತ್ತೊಬ್ಬರ ಪ್ರಶ್ನೆ. ನಮ್ಮ ದೇಶದಲ್ಲಿಯೇ ಮಲೇರಿಯಾ ಇರುವಾಗ ಆಫ್ರಿಕಾಕ್ಕೆ ಏಕೆ ಎಂಬ ಮಾತಂತೂ ಬರಲೇಬೇಕಿತ್ತು, ಬಂದಿತು.

ಮಕ್ಕಳು ನಡೆದು ತಂದ ಹಣ ಐದು ವರ್ಷದೊಳಗಿನ ಮಕ್ಕಳನ್ನು ನಿಜವಾಗಿಯೂ ಕಾಪಾಡಬೇಕಾದರೆ ಅದನ್ನು ಯಾವ ರೂಪದಲ್ಲಿ, ಯಾವ ದಾರಿಯಲ್ಲಿ ಕಳಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಕರಪತ್ರದಲ್ಲಿ "ಒಂದು ಪರದೆ, ಒಂದು ಜೀವ" ಎಂದು ಬರೆಯಲು ಮಕ್ಕಳು ಬಯಸಿದ್ದಾರೆ. ಹಾಗೆ ಬರೆಯಬಹುದೇ?

ಉತ್ತರ: ಮೇರು ತಪ್ಪಲು (ಅರೂಶಾ, ತಾಂಜಾನಿಯಾ)

ಶಾಲ್ಮಲಾ ಅವರೇ, ನಿಮ್ಮ ಖಜಾಂಚಿಗಳ ಸಂಶಯ ಅಸಹಜವೇನಲ್ಲ, ಆದರೆ ಅವರು ಸೂಚಿಸಿದ ಪರಿಹಾರ ಸರಿಯಿಲ್ಲ. ದಯವಿಟ್ಟು ಪೆಟ್ಟಿಗೆ ಕಟ್ಟಬೇಡಿ. ನಿಮ್ಮಲ್ಲಿ ಪ್ರವಾಸದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಪರದೆಗೂ ಇಲ್ಲಿ ಸರ್ಕಾರ ಹಂಚುವ ಪರದೆಗೂ ಬಹಳ ಅಂತರವಿದೆ. ಇಲ್ಲಿಯದರ ನೂಲಿನೊಳಗೇ, ಇಲ್ಲವೇ ನೂಲಿನ ಮೇಲಿನ ಲೇಪದಲ್ಲಿ, ಕೀಟನಾಶಕ ಸೇರಿರುತ್ತದೆ. ಇಪ್ಪತ್ತು ಸಲ ಒಗೆದರೂ, ಸುಮಾರು ಮೂರು ವರ್ಷ ಬಳಸಿದರೂ ಅದರ ಸತ್ವ ಉಳಿದಿರಬೇಕೆಂಬ ಅಳತೆಗೋಲಿನಿಂದ ಅದನ್ನು ಪರೀಕ್ಷಿಸಿರುತ್ತಾರೆ. ಅಂಥ ಪರದೆಯನ್ನು ಲಕ್ಷಗಟ್ಟಲೆ ಒಟ್ಟಿಗೆ ಕೊಂಡಾಗ ಒಂದಕ್ಕೆ ಸುಮಾರು ಎರಡು ಡಾಲರ್ ಬೀಳುತ್ತದೆ. ನೀವು ಬಿಡಿಯಾಗಿ ಕೊಂಡರೆ ಅದರ ಹಲವು ಪಟ್ಟು ಬೆಲೆ, ಅದರ ಮೇಲೆ ಸಾಗಣೆ, ಅದರ ಮೇಲೆ ಇಲ್ಲಿಯ ಬಂದರಿನ ಸುಂಕದ ಕಾಗದಪತ್ರ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಈ ಪರದೆಗಳನ್ನು ನೇಯುವ ಆಫ್ರಿಕಾದ ದೊಡ್ಡ ಕಾರ್ಖಾನೆಗಳಲ್ಲೊಂದು ನಮ್ಮ ಈ ಅರೂಶಾದಲ್ಲಿಯೇ ಇದೆ. ಜಪಾನಿನ ಸುಮಿಟೊಮೊ ಸಂಸ್ಥೆಯ ತಂತ್ರಜ್ಞಾನವನ್ನು ಪಡೆದ ಎ ಟು ಜೆಡ್ ಟೆಕ್ಸ್‌ಟೈಲ್ ಮಿಲ್ಸ್‌ನವರದು ಅದು. ತಮಿಳುನಾಡಿನ ಕರೂರಿನ ಗಿರಣಿಗಳಲ್ಲಿ ತಯಾರಾದ ಪರದೆಗಳೂ ಆಫ್ರಿಕಾಕ್ಕೆ ಬರುತ್ತವೆ. ಹೀಗಿರುವಾಗ ಇಂಗ್ಲೆಂಡಿನಿಂದ ಪರದೆ ಕಳಿಸುವುದೆಂದರೆ ಹಣವನ್ನು ದಾರಿಖರ್ಚಿಗೇ ಸುರಿದಂತೆ.

ಹಂಚಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿದರೆ ನಿಮ್ಮ ಸಮಿತಿಯ ಸೋರಿಕೆಯ ಭಯ ಸ್ವಲ್ಪ ಇಳಿಯಬಹುದು. ಮೊದಲು ಊರಿನ ಸ್ವಯಂಸೇವಕರು ಮನೆಮನೆಗೂ ಹೋಗಿ ಎಷ್ಟು ಮಂದಿ ಮಲಗುತ್ತಾರೆಂದು ಬರೆದುಕೊಳ್ಳುತ್ತಾರೆ. ಸ್ಥೂಲವಾಗಿ ಇಬ್ಬರಿಗೊಂದು ಪರದೆ ಎಂಬ ಲೆಕ್ಕ. ಆ ಪಟ್ಟಿಯ ಒಂದು ಭಾಗವನ್ನು ಬೇರೆಯವರು ಮತ್ತೆ ಹೋಗಿ ತಾಳೆ ನೋಡುತ್ತಾರೆ, ಏಕೆಂದರೆ ಇಲ್ಲದ ಮಕ್ಕಳನ್ನು ಪಟ್ಟಿಗೆ ಸೇರಿಸುವ ಚಾಳಿ ಯಾವ ದೇಶಕ್ಕೂ ಹೊಸದಲ್ಲ. ನಿಗದಿಯಾದ ದಿನ ಶಾಲೆಯ ಅಂಗಳದಲ್ಲೋ ಚರ್ಚಿನ ಅಂಗಳದಲ್ಲೋ ಹೆಸರು ಕೂಗಿ ಕೊಡುತ್ತಾರೆ. ಕೆಲವು ಕಡೆ ಪ್ಲಾಸ್ಟಿಕ್ ಚೀಲವನ್ನು ಅಲ್ಲೇ ಹರಿದು ತೆಗೆದಿಟ್ಟುಕೊಂಡು ಬರಿಯ ಪರದೆಯನ್ನು ಕೈಗೆ ಕೊಡುವುದುಂಟು; ಚೀಲವಿಲ್ಲದ ಪರದೆಯನ್ನು ಸಂತೆಯಲ್ಲಿ ಹೊಸದೆಂದು ಮಾರುವುದು ಕಷ್ಟ. ಮಲಗುವ ಮೊದಲು ಒಂದು ದಿನ ನೆರಳಿನಲ್ಲಿ ಹರವಿಡಿ, ಒಗೆದರೆ ಬಿಸಿಲಿಗೆ ಹಾಕಬೇಡಿ ಎಂದು ಅಲ್ಲಿಯೇ ಹೇಳಿ ಕಳಿಸುತ್ತಾರೆ.

ಮನೆಯೊಳಗಿನ ಕಷ್ಟಗಳೇ ಬೇರೆ. ಹಗಲು ಕೂರುವ ಕೋಣೆಯೇ ರಾತ್ರಿ ಮಲಗುವ ಕೋಣೆಯಾದ್ದರಿಂದ ಪ್ರತಿ ಬೆಳಿಗ್ಗೆ ಪರದೆಯನ್ನು ಸುತ್ತಿ ಮೇಲಕ್ಕೆ ಕಟ್ಟಬೇಕು. ಚೌಕದ ಪರದೆಗೆ ನಾಲ್ಕು ಮೂಲೆಯ ದಾರ. ದುಂಡನೆಯ ಗುಡಿಸಲಿನಲ್ಲಿ ಮೂಲೆ ಎಲ್ಲಿಂದ ಬರಬೇಕು? ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿದರೂ ನಿದ್ದೆಯಲ್ಲಿ ಹೊರಳುವ ಮಗು ಕಾಲನ್ನು ಹೊರಗೆ ಚಾಚಿಯೇ ಚಾಚುತ್ತದೆ. ಹೀಗಾಗಿ ತೂತು ಬೀಳುವುದು ಹೆಚ್ಚಾಗಿ ಕೆಳಗಿನ ಅಂಚಿನಲ್ಲಿ. ಒರಟು ಮಂಚದ ಸಿಬಿರು, ಇಲಿ, ಸೀಮೆಎಣ್ಣೆ ಬುಡ್ಡಿಯ ಕಿಡಿ, ಎಲ್ಲವೂ ಕಾರಣ. ಮೂರು ವರ್ಷ ಬಾಳಬೇಕಾದ ಪರದೆ ಅನೇಕ ಮನೆಗಳಲ್ಲಿ ಎರಡೇ ವರ್ಷಕ್ಕೆ ಚಿಂದಿಯಾಗುವುದು ಇದರಿಂದಲೇ.

ಮೀನಿನ ವಿಷಯ ಸುಳ್ಳಲ್ಲ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ 'ದಗಾ' ಎಂಬ ಬೆರಳುದ್ದದ ಮೀನನ್ನು ಪರದೆಯ ಮೇಲೆ ಒಣಗಿಸುವುದನ್ನು ನಾನೇ ನೋಡಿದ್ದೇನೆ, ಸಸಿಮಡಿಗೆ ಹೊದಿಸಿದ್ದನ್ನೂ ಕೋಳಿಗೂಡಿಗೆ ಬಿಗಿದದ್ದನ್ನೂ ನೋಡಿದ್ದೇನೆ. ನಾನು ಕಂಡವು ಬಹುಪಾಲು ಹರಿದ ಹಳೆಯ ಪರದೆಗಳು. ಹೊಸದನ್ನು ನೇರವಾಗಿ ಬಲೆ ಮಾಡುವವರೂ ಕೆಲವು ಸರೋವರ ತೀರಗಳಲ್ಲಿದ್ದಾರೆ. ಸಣ್ಣ ಕಣ್ಣಿನ ಆ ಬಲೆಯಲ್ಲಿ ಮರಿಮೀನುಗಳೂ ಸಿಕ್ಕಿ ಸಾಯುವುದರಿಂದ ಅದು ತೀರದವರಿಗೇ ದೊಡ್ಡ ತಲೆನೋವು. ಆದರೆ ಒಳನಾಡಿನ ಹಳ್ಳಿಗಳನ್ನು ಆ ಚಿತ್ರಗಳಿಂದ ಅಳೆಯಬಾರದು.

ಉತ್ತರ: ಎಣಿಕೆ (ಬೆಂಗಳೂರು)

ಮೇಲಿನವರು ಬರೆದದ್ದಕ್ಕೆ ನನ್ನ ಸಹಮತವಿದೆ. ನಾನು ರೋಗಗಳ ಅಂಕಿಅಂಶದ ಕೆಲಸ ಮಾಡುವವನಾದ್ದರಿಂದ ಕರಪತ್ರದ ವಾಕ್ಯದಿಂದಲೇ ಆರಂಭಿಸುತ್ತೇನೆ. "ಒಂದು ಪರದೆ, ಒಂದು ಜೀವ" ಎಂದು ಬರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಮಲೇರಿಯಾ ಪ್ರಕರಣಗಳೂ ಸುಮಾರು 5,97,000 ಸಾವುಗಳೂ ಆದವು. ಸಾವುಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಆಫ್ರಿಕಾ ವಲಯದವು, ಅವುಗಳಲ್ಲಿ ನಾಲ್ಕನೆಯ ಮೂರು ಭಾಗ ಐದು ವರ್ಷದೊಳಗಿನ ಮಕ್ಕಳವು. ದೊಡ್ಡವರಿಗೆ ಮತ್ತೆ ಮತ್ತೆ ಸೋಂಕು ತಗುಲಿ ಒಂದಿಷ್ಟು ಪ್ರತಿರೋಧ ಬೆಳೆದಿರುತ್ತದೆ. ತಾಯಿಯಿಂದ ಬಂದ ರಕ್ಷಣೆ ಕೆಲವೇ ತಿಂಗಳಲ್ಲಿ ಕರಗಿದ ಮೇಲೆ, ಸ್ವಂತ ಪ್ರತಿರೋಧ ಇನ್ನೂ ಕೂಡಿಬರುವ ಮೊದಲು, ನಡುವಿನ ಆ ಕೆಲವು ವರ್ಷಗಳಲ್ಲಿಯೇ ಮಕ್ಕಳು ಸಾಯುತ್ತಾರೆ.

ಪರದೆಯ ಫಲವನ್ನು ಪರೀಕ್ಷಿಸಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಕೀಟನಾಶಕವುಳ್ಳ ಪರದೆಯಿಂದ ಮಕ್ಕಳ ಒಟ್ಟು ಸಾವು ಸುಮಾರು ಆರನೆಯ ಒಂದು ಭಾಗದಷ್ಟು ತಗ್ಗುತ್ತದೆ. ಬೇರೆ ರೀತಿಯಲ್ಲಿ ಹೇಳಿದರೆ, ಪರದೆಯ ರಕ್ಷಣೆ ಪಡೆದ ಸಾವಿರ ಮಕ್ಕಳಲ್ಲಿ ವರ್ಷಕ್ಕೆ ಐದಾರು ಮಕ್ಕಳು ಉಳಿಯುತ್ತಾರೆ. ಈ ಅಳತೆ ಬಂದದ್ದು ಹಿಂದಿನ ಕಾಲದ, ಮಲೇರಿಯಾ ಇನ್ನೂ ತೀವ್ರವಾಗಿದ್ದ ಊರುಗಳಿಂದ. ಪರದೆಯಡಿ ಮಲಗುವವರೆಲ್ಲ ಪುಟ್ಟ ಮಕ್ಕಳೂ ಅಲ್ಲ. ಇದನ್ನೆಲ್ಲ ಕೂಡಿಸಿ ಕಳೆದರೆ ಒಂದು ಸಾವನ್ನು ತಪ್ಪಿಸಲು ನೂರಾರು ಪರದೆ, ಅಂದರೆ ಹಂಚಿಕೆಯ ವೆಚ್ಚವೂ ಸೇರಿ ಕೆಲವು ಸಾವಿರ ಡಾಲರ್ ಬೇಕಾಗುತ್ತದೆ. ದಾನ ಸಂಸ್ಥೆಗಳ ಕೆಲಸವನ್ನು ತೂಗಿನೋಡುವ ಗಿವ್‌ವೆಲ್ ಸಂಸ್ಥೆಯ ಲೆಕ್ಕವೂ ಅದೇ ಮಟ್ಟದಲ್ಲಿದೆ. ಎರಡು ಡಾಲರಿಗೆ ಜೀವ ಉಳಿಯುವುದಿಲ್ಲವೆಂದು ಕೇಳಿ ಮಕ್ಕಳು ಕುಗ್ಗಬೇಕಾಗಿಲ್ಲ. ಒಂದು ಕಾರಿನ ಬೆಲೆಗೆ ಕೆಲವು ಮಕ್ಕಳ ಜೀವ ಉಳಿಯುವ ಕೆಲಸಗಳು ಲೋಕದಲ್ಲಿ ಬಹಳವಿಲ್ಲ.

ಇನ್ನು, ನಿಮ್ಮ ಖಜಾಂಚಿಗಳ ಅನಾಥಾಲಯದ ಮಾತಿಗೆ ಬರುತ್ತೇನೆ, ಏಕೆಂದರೆ ಇಡೀ ವಿಷಯದ ತಿರುಳು ಅಲ್ಲಿಯೇ ಇದೆ. ಪರದೆಯೆಂದರೆ ಹಿಡಿದವನನ್ನು ಮಾತ್ರ ಕಾಯುವ ಕೊಡೆ ಎಂದು ನಾವು ಭಾವಿಸುತ್ತೇವೆ. ಕೀಟನಾಶಕವುಳ್ಳ ಪರದೆ ಹಾಗಲ್ಲ. ಒಳಗಿನ ಮನುಷ್ಯನ ವಾಸನೆಗೆ ಬಂದ, ಮಲೇರಿಯಾ ಹರಡುವ ಹೆಣ್ಣು ಅನಾಫಿಲಿಸ್ ಸೊಳ್ಳೆ ಪರದೆಯ ಮೇಲೆ ಕೂತು ಸಾಯುತ್ತದೆ. ಸತ್ತ ಸೊಳ್ಳೆ ಪಕ್ಕದ ಮನೆಗೆ ಹೋಗುವುದಿಲ್ಲ. ಸೊಳ್ಳೆಯ ಹೊಟ್ಟೆಗೆ ಸೇರಿದ ಪರಾವಲಂಬಿ ಜೀವಿ ಮತ್ತೊಬ್ಬರಿಗೆ ದಾಟುವಷ್ಟು ಬಲಿಯಲು ಹತ್ತು ದಿನಗಳಿಗೂ ಹೆಚ್ಚು ಕಾಲ ಬೇಕಾದ್ದರಿಂದ, ಊರಿನ ಸೊಳ್ಳೆಗಳ ಆಯುಸ್ಸನ್ನು ಸ್ವಲ್ಪ ಮೊಟಕುಗೊಳಿಸಿದರೂ ರೋಗ ಹರಡುವುದು ಬಹಳ ತಗ್ಗುತ್ತದೆ. ಕೆನ್ಯಾದ ಪಶ್ಚಿಮ ಭಾಗದ ಅಸೆಂಬೊ ಎಂಬಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಪರದೆ ಹಂಚಿದ ಹಳ್ಳಿಗಳಿಂದ ಸುಮಾರು 300 ಮೀಟರಿನೊಳಗೆ ಇದ್ದ, ಪರದೆಯೇ ಇಲ್ಲದ ಮನೆಗಳ ಮಕ್ಕಳಿಗೂ ರಕ್ಷಣೆ ದೊರೆತದ್ದು ಕಂಡುಬಂದಿತು. ಆದ್ದರಿಂದ ಒಂದು ಮಗುವನ್ನೋ ಒಂದು ಅನಾಥಾಲಯವನ್ನೋ ಆರಿಸಿ ಕೊಡುವುದಕ್ಕಿಂತ, ಒಂದು ಜಿಲ್ಲೆಯ ಎಲ್ಲ ಮನೆಗಳಿಗೂ ಒಂದೇ ಸಲಕ್ಕೆ ಹಂಚುವ ಕಾರ್ಯಕ್ರಮಕ್ಕೆ ನಿಮ್ಮ ಪಾಲು ಸೇರಿಸುವುದರಿಂದಲೇ ಆ ಮಗುವಿಗೆ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಕಣ್ಣಾರೆ ಕಾಣುವ ತೃಪ್ತಿ ಇದರಲ್ಲಿ ಕಡಿಮೆ, ನಿಜ.

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಅವರೂ ಸ್ವಲ್ಪ ಹಣ ಕೊಡಲಿ ಎಂದು ನಿಮ್ಮ ಸಮಿತಿಯಲ್ಲಿ ಯಾರೂ ಹೇಳದಿದ್ದರೆ ಮುಂದಿನ ಸಭೆಯಲ್ಲಿ ಖಂಡಿತ ಹೇಳುತ್ತಾರೆ. ಕೆನ್ಯಾದಲ್ಲಿಯೇ ಇದನ್ನೂ ಪರೀಕ್ಷಿಸಿದ್ದಾರೆ. ಬಸುರಿಯರ ಆರೋಗ್ಯ ಕೇಂದ್ರಗಳಲ್ಲಿ ಪರದೆಯ ಬೆಲೆಯನ್ನು ಸೊನ್ನೆಯಿಂದ 60 ಸೆಂಟಿಗೆ ಏರಿಸಿದಾಗ ಒಯ್ಯುವವರ ಪ್ರಮಾಣ ಶೇಕಡಾ 60 ಅಂಶಗಳಷ್ಟು ಕುಸಿಯಿತು. ಹಣ ಕೊಟ್ಟವರು ಬಿಟ್ಟಿ ಪಡೆದವರಿಗಿಂತ ಹೆಚ್ಚಾಗಿ ಬಳಸಿದರೆಂಬುದಕ್ಕೆ ಆಧಾರ ಸಿಗಲಿಲ್ಲ.

ಲಸಿಕೆ ಬಂದಿರುವುದು ಸಂತೋಷದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ 2023ರಲ್ಲಿ ಆರ್21 ಲಸಿಕೆಯನ್ನೂ ಶಿಫಾರಸು ಮಾಡಿತು; ಎರಡನೆಯದನ್ನು ತಯಾರಿಸುವವರು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನವರು. ಆದರೆ ಇವೆರಡೂ ನಾಲ್ಕು ಸಲ ಚುಚ್ಚಬೇಕಾದ, ಪೂರ್ಣ ರಕ್ಷಣೆ ಕೊಡದ ಲಸಿಕೆಗಳು, ಮತ್ತು ಇವುಗಳ ಪ್ರಯೋಗಗಳು ನಡೆದದ್ದೇ ಪರದೆ ಬಳಸುವ ಮಕ್ಕಳ ನಡುವೆ. ಪರದೆ ತೆಗೆದು ಲಸಿಕೆ ಕೊಟ್ಟರೆ ಅದೇ ಫಲ ಬರುತ್ತದೆಂದು ಯಾರೂ ಹೇಳಿಲ್ಲ.

ಸಂಸ್ಥೆಯ ಆಯ್ಕೆಗೆ ಬಂದರೆ, ನೀವು ಬ್ರಿಟನ್ನಿನಲ್ಲಿರುವುದರಿಂದ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್ ಸಹಜವಾದ ಆಯ್ಕೆ. ಅದರ ಹುಟ್ಟೂ ನಿಮ್ಮ ಮಕ್ಕಳ ಯೋಜನೆಯಂಥದೇ: ರಾಬ್ ಮ್ಯಾಥರ್ ಎಂಬವರು 2003ರಲ್ಲಿ ಬೆಂಕಿಯಲ್ಲಿ ಬೆಂದ ಒಂದು ಮಗುವಿನ ಸಹಾಯಕ್ಕೆಂದು ಈಜು ಏರ್ಪಡಿಸಿದರು, ಅದೇ ಬೆಳೆದು 2005ರಲ್ಲಿ ಮಲೇರಿಯಾ ವಿರುದ್ಧದ ವಿಶ್ವ ಈಜು ಆಯಿತು. ಸಾರ್ವಜನಿಕರ ದೇಣಿಗೆಯನ್ನು ಪರದೆ ಕೊಳ್ಳಲು ಮಾತ್ರ ಬಳಸುವುದು, ಕಚೇರಿಯ ಖರ್ಚನ್ನು ಬೇರೆ ಕೆಲವು ದಾನಿಗಳಿಂದ ಪಡೆಯುವುದು ಅವರ ಪದ್ಧತಿ. ನಿಮ್ಮ ಹಣ ಯಾವ ದೇಶದ ಯಾವ ಹಂಚಿಕೆಗೆ ಹೋಯಿತೆಂದು ತಿಳಿಸುತ್ತಾರೆ, ಹಂಚಿದ ಮೇಲೆ ಪರದೆ ತೂಗಿದೆಯೇ, ಹರಿದಿದೆಯೇ ಎಂದು ಮನೆಗಳಿಗೆ ಹೋಗಿ ನೋಡಿಸುತ್ತಾರೆ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿಗೆ ಕತ್ತರಿ ಹಾಕಿದ ಮೇಲೆ ಇಂಥ ಸಂಸ್ಥೆಗಳ ಮೇಲಿನ ಭಾರ ಹೆಚ್ಚಿದೆ.

ಉತ್ತರ: ಬಂದರು ರಸ್ತೆ (ಮಂಗಳೂರು)

ಎಣಿಕೆಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಪರದೆಯನ್ನು ಇಷ್ಟು ಮೇಲಕ್ಕೆ ಕೂರಿಸುವ ಮೊದಲು ಎರಡು ಮಾತು ಹೇಳಬೇಕಾಗಿದೆ. ಮಂಗಳೂರಿನಲ್ಲಿ 1990ರ ದಶಕದಿಂದ ನಾವು ಅನುಭವಿಸಿದ ಮಲೇರಿಯಾ ಹಳ್ಳಿಯ ಮಲೇರಿಯಾ ಅಲ್ಲ. ಕಟ್ಟುತ್ತಿರುವ ಬಹುಮಹಡಿಗಳ ನೆಲಮಾಳಿಗೆಯಲ್ಲಿ, ಲಿಫ್ಟಿನ ಗುಂಡಿಯಲ್ಲಿ, ಕಾಂಕ್ರೀಟು ಗಟ್ಟಿಯಾಗಲೆಂದು ತಾರಸಿಯ ಮೇಲೆ ನಿಲ್ಲಿಸಿದ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯಿಂದ ಬಂದದ್ದು ಅದು. ಜನ ಪರದೆಯೊಳಗೆ ಸೇರುವ ಮೊದಲೇ ಕಚ್ಚಿಬಿಡುವ ಈ ಸೊಳ್ಳೆಗೆ ಪರದೆಯೊಂದೇ ಮದ್ದಲ್ಲ. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಕಟ್ಟಡಗಳ ತಪಾಸಣೆ, ದುಡಿಯಲು ಬಂದ ಕಾರ್ಮಿಕರ ರಕ್ತಪರೀಕ್ಷೆ, ಸಿಕ್ಕಿದ ಪ್ರತಿ ಪ್ರಕರಣದ ಬೆನ್ನು ಹತ್ತಿ ಹೋಗುವುದು. ಇದೇ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿ ದೇಶದಲ್ಲಿ ಪತ್ತೆಯಾಯಿತು. ಆ ವರ್ಷ ಅಲ್ಲಿ ಕೇವಲ 27 ಪ್ರಕರಣಗಳಿದ್ದವು, 2020ರಲ್ಲಿ 73,000 ದಾಟಿದವು. ಅನಂತರ ಇಥಿಯೋಪಿಯಾ ಮೊದಲಾದ ದೇಶಗಳಿಗೂ ಹಬ್ಬಿದೆ. ಆಫ್ರಿಕಾದ ನಗರಗಳು ನಮ್ಮ ಊರಿನ ದಾರಿ ಹಿಡಿದರೆ ಪರದೆಗೆ ಕೊಟ್ಟ ಹಣ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ?

ಎರಡನೆಯದು, ನಮ್ಮ ದೇಶದ ಮಾತು. ಪರದೆಯಿಂದ ಏನಾಗಬಹುದೆಂಬುದನ್ನು ನೋಡಲು ಆಫ್ರಿಕಾಕ್ಕೇ ಹೋಗಬೇಕಾಗಿಲ್ಲ. ಒಡಿಶಾದಲ್ಲಿ 2017ರ ಸುಮಾರಿಗೆ ಒಂದು ಕೋಟಿಗೂ ಹೆಚ್ಚು ಪರದೆ ಹಂಚಿ, ಜತೆಗೆ 'ದಮನ್' ಯೋಜನೆಯಡಿ ಕಾಡಿನ ಹಾಡಿಗಳಲ್ಲಿ ಜ್ವರವಿಲ್ಲದವರ ರಕ್ತವನ್ನೂ ಪರೀಕ್ಷಿಸಿ ಔಷಧ ಕೊಟ್ಟ ಮೇಲೆ ಪ್ರಕರಣಗಳು ಒಂದೆರಡು ವರ್ಷಗಳಲ್ಲಿ ಪಾತಾಳಕ್ಕಿಳಿದವು. ಹಾಗಿದ್ದ ಮೇಲೆ ಮಕ್ಕಳ ಹಣ ಛತ್ತೀಸಗಡದ ಬಸ್ತರಿನಂಥ ಕಡೆಗೆ ಹೋಗಬಾರದೇಕೆ?

ಉತ್ತರ: ಎಣಿಕೆ (ಬೆಂಗಳೂರು)

ಬಂದರು ರಸ್ತೆಯವರೇ, ನಿಮ್ಮ ಮೊದಲ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಯೂ ಇಲ್ಲ. ಸ್ಟೀಫೆನ್ಸಿಯ ವಿಷಯದಲ್ಲಿ ಮಂಗಳೂರಿನ ಅನುಭವವೇ ಆಫ್ರಿಕಾಕ್ಕೆ ಪಾಠವಾಗಬೇಕು. ಆದರೆ ಇಂದು ಮಕ್ಕಳು ಸಾಯುತ್ತಿರುವುದು ಬಹುಪಾಲು ನೈಜೀರಿಯಾ, ಕಾಂಗೋಗಳಂಥ ದೇಶಗಳ ಹಳ್ಳಿಗಳಲ್ಲಿ, ನಡುರಾತ್ರಿಯ ಮೇಲೆ ಮನೆಯೊಳಗೆ ಬಂದು ಕಚ್ಚುವ ಗ್ಯಾಂಬಿಯೆ ಮತ್ತು ಫ್ಯೂನೆಸ್ಟಸ್ ಸೊಳ್ಳೆಗಳಿಂದ. ನೀವು ಹೇಳದೆ ಬಿಟ್ಟ ಇನ್ನೊಂದು ತೊಡಕು ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ: ಪರದೆಗೆ ಹಾಕುತ್ತಿದ್ದ ಪೈರೆಥ್ರಾಯ್ಡ್ ಕೀಟನಾಶಕಕ್ಕೆ ಆ ಸೊಳ್ಳೆಗಳೂ ಜಗ್ಗದಂತಾಗಿವೆ. ಅದಕ್ಕಾಗಿಯೇ ಕ್ಲೋರ್‌ಫೆನಾಪಿರ್ ಎಂಬ ಎರಡನೆಯ ಕೀಟನಾಶಕವನ್ನೂ ಸೇರಿಸಿದ ಪರದೆಗಳು ಬಂದಿವೆ. ಬೆನಿನ್ ದೇಶದ ಪ್ರಯೋಗದಲ್ಲಿ ಹಳೆಯ ಬಗೆಯ ಪರದೆಯವರಿಗಿಂತ ಇವುಗಳಡಿ ಮಲಗಿದ ಮಕ್ಕಳಲ್ಲಿ ಎರಡು ವರ್ಷಗಳ ಅವಧಿಯಲ್ಲಿ ಮಲೇರಿಯಾ ಶೇಕಡಾ 46ರಷ್ಟು ಕಡಿಮೆಯಾಯಿತು, 2023ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವುಗಳನ್ನು ಶಿಫಾರಸು ಮಾಡಿತು. ಬೆಲೆ ಸ್ವಲ್ಪ ಹೆಚ್ಚು. ಶಾಲ್ಮಲಾ ಅವರು ಹಣ ಕೊಡುವ ಮೊದಲು ಯಾವ ಬಗೆಯ ಪರದೆ ಕೊಳ್ಳುತ್ತಾರೆಂದು ಕೇಳುವುದು ಒಳ್ಳೆಯದು.

ಭಾರತದ ಮಾತಿಗೆ: ಒಡಿಶಾದಲ್ಲಿ ಆದ ಕೆಲಸವನ್ನು ಸರ್ಕಾರವೇ ಮುಂದೆ ನಿಂತು ಮಾಡಿತು, ಮಾಡುವ ಶಕ್ತಿಯೂ ಅದಕ್ಕಿತ್ತು. ಕಾಂಗೋದಂಥ ದೇಶದಲ್ಲಿ ಹೊರಗಿನ ಹಣ ನಿಂತರೆ ಹಂಚಿಕೆಯೇ ನಿಲ್ಲುತ್ತದೆ. ಒಂದೊಂದು ಪೌಂಡಿನಿಂದ ಎಲ್ಲಿ ಹೆಚ್ಚು ಮಕ್ಕಳು ಉಳಿಯುತ್ತಾರೆಂಬುದೇ ಪ್ರಶ್ನೆಯಾದರೆ ನನ್ನ ಮತ ಅತ್ತ ಕಡೆಗೆ.

ಉತ್ತರ: ಕಾಳಿ ತೀರ (ಹಳಿಯಾಳ)

ತಂಗಿ, ಲೆಕ್ಕದ ಮಾತನ್ನು ಬಲ್ಲವರು ಹೇಳಿಯಾಯಿತು. ಊರಿಗೆಲ್ಲ ಒಟ್ಟಿಗೆ ಕೊಡಬೇಕೆಂಬ ಮಾತಿಗೆ ನಮ್ಮ ಕಡೆಯ ಒಂದು ಸಾಕ್ಷಿಯನ್ನು ಸೇರಿಸುತ್ತೇನೆ. ನಮ್ಮ ಹಿರಿಯರ ಕಾಲದಲ್ಲಿ ಈ ಕಾಡಿನ ಸೀಮೆಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂಜರಿಯುತ್ತಿದ್ದರು. ಇಲ್ಲಿಯ ಚಳಿಜ್ವರ ಅಷ್ಟು ಕುಖ್ಯಾತ, ಹೊಟ್ಟೆಯ ಎಡಕ್ಕೆ ಗಡ್ಡೆ ಕಟ್ಟಿದ ಮಕ್ಕಳು ಮನೆಮನೆಯಲ್ಲೂ ಇದ್ದರೆಂದು ನಮ್ಮ ತಾಯಿ ಹೇಳುತ್ತಿದ್ದರು. 1946ರ ಸುಮಾರಿಗೆ ಮುಂಬಯಿ ಪ್ರಾಂತದ ಮಲೇರಿಯಾ ಅಧಿಕಾರಿ ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸಿದರು. 1953ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಬರುವ ಮೊದಲೇ ಇಲ್ಲಿ ಜ್ವರ ಇಳಿದಿತ್ತು. ಗೌಡರ ಮನೆ, ಗೌಳಿಗರ ಗುಡಿಸಲು ಎಂಬ ಭೇದವಿಲ್ಲದೆ ಹೊಡೆದರೆಂದೇ ಅದು ಫಲಿಸಿತು. ಗೋಡೆಗೆ ಔಷಧ ಹೊಡೆಯುವುದರ ಬದಲು ಹಾಸಿಗೆಯ ಸುತ್ತ ಔಷಧ ಕಟ್ಟುವುದೇ ಪರದೆ ಎಂದು ನಿಮ್ಮ ಮಕ್ಕಳಿಗೆ ತಿಳಿಹೇಳಬಹುದು.

ಶಾಲ್ಮಲಾ (ಇಂಗ್ಲೆಂಡ್)

ಎಲ್ಲರಿಗೂ ಕೃತಜ್ಞತೆಗಳು. ಪೆಟ್ಟಿಗೆ ಕಟ್ಟುವ ಯೋಚನೆಯನ್ನು ಸಮಿತಿ ಕೈಬಿಟ್ಟಿದೆ. ಕರಪತ್ರದ ವಾಕ್ಯವನ್ನು ಮಕ್ಕಳೇ ಬದಲಿಸಿ, "ಒಂದು ಪರದೆಯಡಿ ಇಬ್ಬರು ಮಲಗುತ್ತಾರೆ, ಎಲ್ಲ ಮನೆಯಲ್ಲೂ ಪರದೆಯಿದ್ದರೆ ಊರೇ ಉಳಿಯುತ್ತದೆ" ಎಂದು ಬರೆದಿದ್ದಾರೆ. ಊರೇ ಉಳಿಯುತ್ತದೆ ಎಂಬುದನ್ನು ಎಣಿಕೆಯವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಇನ್ನೊಂದು ಪ್ರಶ್ನೆ: ಬೆಂಗಳೂರು, ಹುಬ್ಬಳ್ಳಿಗಳಲ್ಲಿರುವ ಅಜ್ಜ ಅಜ್ಜಿಯರೂ ಮೈಲಿಗೆ ಇಷ್ಟೆಂದು ಹಣ ಬರೆಸಲು ಮುಂದೆ ಬಂದಿದ್ದಾರೆ. ಅದನ್ನು ಹೇಗೆ ಪಡೆಯುವುದು?

ಉತ್ತರ: ಎಣಿಕೆ (ಬೆಂಗಳೂರು)

"ಊರಿಗೇ ರಕ್ಷಣೆ" ಎಂದು ಬರೆದರೆ ನನ್ನ ತಕರಾರಿಲ್ಲ.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ದಾನಿಗಳಿಂದ ಗಿಫ್ಟ್ ಏಡ್ ಘೋಷಣೆಯನ್ನು ಮರೆಯದೆ ಬರೆಸಿಕೊಳ್ಳಿ. ಪ್ರತಿ ಪೌಂಡಿಗೆ 25 ಪೆನ್ಸ್ ಅಲ್ಲಿಯ ಸರ್ಕಾರದಿಂದ ಸಂಸ್ಥೆಗೆ ಸೇರುತ್ತದೆ. ಕಾಗದದ ಪಟ್ಟಿಯಲ್ಲಿ ಬರೆಸುವುದಾದರೆ ದಾನಿಯ ಪೂರ್ತಿ ಹೆಸರು, ಮನೆಯ ವಿಳಾಸ, ಪೋಸ್ಟ್‌ಕೋಡ್ ಇರಲೇಬೇಕು, ಬರಿಯ "ರಮೇಶ ಅಂಕಲ್, 5 ಪೌಂಡ್" ಎಂದರೆ ಆ ಲಾಭ ಸಿಗದು. ಸಂಸ್ಥೆಯ ಜಾಲತಾಣದಲ್ಲಿ ನಡಿಗೆಗೆಂದೇ ಒಂದು ಪುಟ ತೆರೆದು ನೇರವಾಗಿ ಅಲ್ಲಿಯೇ ಪಾವತಿಸಲು ಹೇಳುವುದು ಇದಕ್ಕಿಂತ ಸುಲಭ, ಕೂಟದ ಖಾತೆಯ ಗೊಡವೆಯೂ ಇರುವುದಿಲ್ಲ. ಭಾರತದಲ್ಲಿರುವ ಹಿರಿಯರು ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಇಲ್ಲಿ 80ಜಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ರಿಟನ್ನಿನಲ್ಲಿ ತೆರಿಗೆ ಕಟ್ಟದ ಅವರ ಹಣಕ್ಕೆ ಗಿಫ್ಟ್ ಏಡ್ ಕೂಡ ಅನ್ವಯಿಸದು. ಅವರ ಹೆಸರುಗಳಿಗೆ ಬೇರೆ ಹಾಳೆ ಇಟ್ಟುಕೊಳ್ಳಿ, ಗಿಫ್ಟ್ ಏಡ್ ಅಂಕಣದಲ್ಲಿ ಅಪ್ಪಿತಪ್ಪಿಯೂ ಗುರುತು ಹಾಕಿಸಬೇಡಿ.